ಜೇಡಿಮಣ್ಣಿಗೆ ಬಣ್ಣ ತೋರಿಸುವ ಮುನ್ನ

‘ಸರ್, ತ್ಯಾಜ್ಯ ನೀರಿನ ಬಣ್ಣ ತೆಗೆಯಲು ಇದ್ದಿಲಿಗಿಂತ ಬೆಂಟೊನೈಟ್ ಜೇಡಿಮಣ್ಣು ಅಗ್ಗ. ಅದನ್ನೇ ಹಾಕಬಹುದಲ್ಲ?’ ಬೆಂಗಳೂರಿನ ಡೈಯಿಂಗ್ ಘಟಕಗಳ ಮಾಲೀಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ನಾನು ತಿರುಗಿ ಕೇಳುವುದು ಒಂದೇ: ನೀವು ಬಳಸುವುದು ಯಾವ ಬಣ್ಣ? ಕೆಂಪೋ ನೀಲಿಯೋ ಎಂದಲ್ಲ. ಬೇಸಿಕ್, ಆಸಿಡ್, ರಿಯಾಕ್ಟಿವ್, ಇವುಗಳಲ್ಲಿ ಯಾವುದು?

ಬೆಂಟೊನೈಟ್‌ನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಉತ್ತರ ಕರ್ನಾಟಕದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವುದು ಇದೇ ಕುಲದ ಖನಿಜಗಳಿಂದ. ಅದರ ತೆಳು ಪದರಗಳಲ್ಲಿ ಋಣಾವೇಶವಿದೆ; ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಕುಳಿತಿರುತ್ತವೆ. ಧನಾವೇಶದ ಬೇಸಿಕ್ ಬಣ್ಣ ಬಂದರೆ ಅವನ್ನು ಎಬ್ಬಿಸಿ ತಾನು ಕೂರುತ್ತದೆ. ಹೀಗೆ ಅದಲುಬದಲಾಗುವ ಸಾಮರ್ಥ್ಯ 100 ಗ್ರಾಂ ಮಾಂಟ್‌ಮೊರಿಲೊನೈಟ್‌ಗೆ ಸುಮಾರು 80ರಿಂದ 120 ಮಿಲಿ ಈಕ್ವಿವಲೆಂಟ್ (ಆವೇಶದ ಅಳತೆ). ನಮ್ಮ ಕೆಂಪುಮಣ್ಣಿನಲ್ಲಿ ಹೆಚ್ಚಾಗಿರುವ ಕಯೊಲಿನೈಟ್‌ಗೆ 3ರಿಂದ 15 ಮಾತ್ರ. ಹಿತ್ತಲ ಮಣ್ಣು ಅಗೆದು ಸುರಿದರೆ ಆಗದು.

ಮಾರಾಟಗಾರರು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ ದ್ರಾವಣಕ್ಕೆ ಚಿಟಿಕೆ ಪುಡಿ ಹಾಕಿ ಅಲ್ಲಾಡಿಸುತ್ತಾರೆ. ನೀಲಿಯೆಲ್ಲ ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಆಗಲೇಬೇಕು! ಅದು ಬೇಸಿಕ್ ಬಣ್ಣ. ಜೇಡಿಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆಂದರೆ, ಜೇಡಿಯ ಗುಣ ಅಳೆಯಲು ಅದನ್ನೇ ಬಳಸುತ್ತೇವೆ. ರೇಷ್ಮೆಗೆ ಹಾಕುವುದು ಹೆಚ್ಚಾಗಿ ಆಸಿಡ್ ಬಣ್ಣ, ಹತ್ತಿಗೆ ರಿಯಾಕ್ಟಿವ್. ಎರಡರ ಸಲ್ಫೊನೇಟ್ ಗುಂಪುಗಳಲ್ಲೂ ಜೇಡಿಯ ಪದರಗಳಂತೆಯೇ ಋಣಾವೇಶ. ಅದೇ ಪುಡಿಯನ್ನು ಆಸಿಡ್ ಕೆಂಪಿಗೆ ಹಾಕಿ ನೋಡಿ: ಪುಡಿಯನ್ನು ಸೋಸಿ ತೆಗೆದರೂ ನೀರಿನ ಕೆಂಪು ಬಹುಪಾಲು ಹಾಗೆಯೇ ಉಳಿಯುತ್ತದೆ.

ದಾರಿಗಳಿವೆ. ಧನಾವೇಶದ ಕ್ವಾಟರ್ನರಿ ಅಮೋನಿಯಂ ಇರುವ ಲವಣದಿಂದ ಮಣ್ಣನ್ನು ಮಾರ್ಪಡಿಸಿದರೆ ಈ ಬಣ್ಣಗಳೂ ಹಿಡಿಯುತ್ತವೆ. ಆದರೆ ಅಗ್ಗದ ಮಾತು ಅಲ್ಲಿಗೆ ಮುಗಿಯಿತು, ಲವಣ ಸೋರಿ ನೀರಿಗೆ ಬರುವ ಭಯವೂ ಉಂಟು. ಧನಾವೇಶದ ಪದರಗಳಿರುವ ಹೈಡ್ರೊಟಾಲ್ಸೈಟ್ ಎಂಬ ಖನಿಜ ಕಾಗದದ ಮೇಲೆ ಇನ್ನೂ ಚೆಂದ. ಹತ್ತಿಯ ಡೈಯಿಂಗ್ ನೀರಿನಲ್ಲಿ ಮಾತ್ರ ಗ್ಲಾಬರ್ ಉಪ್ಪಿನ ಸಲ್ಫೇಟ್, ಸೋಡಾ ಆಶ್‌ನ ಕಾರ್ಬೊನೇಟ್ ತುಂಬಿರುತ್ತವೆ. ಅವಕ್ಕೂ ಋಣಾವೇಶ; ಬಣ್ಣಕ್ಕಿಂತ ಮೊದಲೇ ಅವು ಜಾಗ ಹಿಡಿದುಬಿಡುತ್ತವೆ.

ಇನ್ನು ಕೆಸರು. ಉಬ್ಬಿದ ಬೆಂಟೊನೈಟ್ ತೆಳು ಗಂಜಿಯಂತೆ ನೀರಿನಲ್ಲೇ ತೇಲಾಡುತ್ತದೆ. ಆಲಂ (ಪಟಿಕ) ಹಾಕಿ ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಬೇಕು. ಬಣ್ಣ ನಾಶವಾಗಿಲ್ಲ, ಕೆಸರಿಗೆ ಸ್ಥಳಾಂತರವಾಗಿದೆ ಅಷ್ಟೆ. ಅದನ್ನು ಅಧಿಕೃತ ವಿಲೇವಾರಿ ಘಟಕಕ್ಕೇ ಕಳಿಸಬೇಕು. ರಾಜಕಾಲುವೆಗೆ ಬಿಟ್ಟರೆ ವೃಷಭಾವತಿ ನದಿಗೆ ಮತ್ತೆ ಬಣ್ಣ.

ಆದ್ದರಿಂದ ಪರೀಕ್ಷೆಗೆ ಬಟ್ಟಿ ಇಳಿಸಿದ ನೀರು ಬೇಡ, ನಿಮ್ಮದೇ ತೊಟ್ಟಿಯ ನೀರು ತನ್ನಿ. ಸೋಸಿದ ನೀರಿನ ಬಣ್ಣ ಅಳೆಯಿರಿ, ಹಿಂಡಿದ ಕೆಸರನ್ನೂ ತೂಗಿ. ಅದರ ಸಾಗಣೆ, ವಿಲೇವಾರಿ ಖರ್ಚು ಸೇರಿಸಿದ ಮೇಲೆ ಇದ್ದಿಲಿನ ಬೆಲೆಯ ಪಕ್ಕ ಇಟ್ಟು ನೋಡಿ.