ಸಿಗರೇಟು ಸೇದಿದರೆ ಓದು ತಲೆಗೆ ಹತ್ತುತ್ತಾ?

ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲ್‌ಗಳಲ್ಲಿ ಕೇಳಿಬರುವ ಮಾತಿದು: ಒಂದು ದಮ್ ಎಳೆದರೆ ಓದಿದ್ದು ಚೆನ್ನಾಗಿ ತಲೆಗೆ ಹತ್ತುತ್ತೆ. ಸುಮ್ನೆ ನೆಪ ಅಂತ ತಳ್ಳಿಹಾಕುವ ಹಾಗಿಲ್ಲ. ಸೇದುವವರಿಗೆ ನಿಜವಾಗಿಯೂ ಹಾಗೆ ಅನಿಸುತ್ತದೆ.

ಗಮನ ಇಡಲು, ಹೊಸದನ್ನು ನೆನಪಿಗೆ ಸೇರಿಸಲು ಮಿದುಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ನರಕೋಶಗಳ ಮೇಲೆ ಅದು ಬಂದು ಕೂರಲೆಂದೇ ರಿಸೆಪ್ಟರ್ ಎಂಬ ಪ್ರೋಟೀನ್‌ಗಳಿವೆ. ಅದು ಬಂದು ಕೂತರೆ ರಿಸೆಪ್ಟರ್ ಬಾಯಿ ತೆರೆಯುತ್ತದೆ, ಸೋಡಿಯಂ, ಕ್ಯಾಲ್ಸಿಯಂ ಒಳನುಗ್ಗುತ್ತವೆ, ಕೋಶ ಚುರುಕಾಗುತ್ತದೆ. ಹೊಗೆಸೊಪ್ಪಿನ ಗಿಡ ಹುಳುಗಳನ್ನು ದೂರವಿಡಲು ತಯಾರಿಸುವ ನಿಕೋಟಿನ್ ಕೂಡ ಅದೇ ಜಾಗದಲ್ಲಿ ಕೂರಬಲ್ಲದು. ಅಂದಹಾಗೆ, ಕೋಶಗಳಲ್ಲಿ ಇಂಥದ್ದೊಂದು ಇರಲೇಬೇಕು ಎಂದು ಕೇಂಬ್ರಿಜ್‌ನ ಶರೀರವಿಜ್ಞಾನಿ ಜಾನ್ ಲ್ಯಾಂಗ್ಲಿ 1905ರಲ್ಲಿ ವಾದಿಸಿದ್ದು ಸ್ನಾಯುಗಳ ಮೇಲೆ ನಿಕೋಟಿನ್ ಪ್ರಯೋಗಿಸಿ ನೋಡಿದ ಮೇಲೆಯೇ.

ಆದರೆ ಅಸಿಟೈಲ್‌ಕೋಲಿನ್ ಮತ್ತು ನಿಕೋಟಿನ್, ಇವೆರಡರ ನಡತೆ ಬೇರೆ. ಅಸಿಟೈಲ್‌ಕೋಲಿನ್ ಕ್ಷಣದ ಸಣ್ಣ ಪಾಲಿನಲ್ಲಿ ಕೆಲಸ ಮುಗಿಸುತ್ತದೆ, ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ನಿಕೋಟಿನ್ ಆ ಕಿಣ್ವಕ್ಕೆ ಜಗ್ಗುವುದಿಲ್ಲ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 2 ಗಂಟೆ ಬೇಕು. ಅಷ್ಟು ಹೊತ್ತು ಕೂತರೆ ರಿಸೆಪ್ಟರ್‌ಗಳು ಮರಗಟ್ಟುತ್ತವೆ. ದಿನಾ ಸೇದುವವರ ಮಿದುಳಿನಲ್ಲಿ ಇವುಗಳ ಸಂಖ್ಯೆಯೂ ಜಾಸ್ತಿಯಾಗುತ್ತದೆ. ರಾತ್ರಿ ನಿದ್ದೆಯಲ್ಲಿ ನಿಕೋಟಿನ್ ಇಳಿಯುತ್ತದೆ. ಬೆಳಿಗ್ಗೆ ಎದ್ದರೆ ಸಿಡಿಮಿಡಿ, ಯಾವುದರ ಮೇಲೂ ಗಮನ ನಿಲ್ಲದು. ಮೊದಲ ಸಿಗರೇಟು ಅದನ್ನು ಸರಿಮಾಡುತ್ತದೆ. ಬಡ್ಡಿ ಕಟ್ಟಿದವನಿಗೆ ಕೈಗೆ ಹಣ ಬಂದಂತೆ ಅನಿಸಿದ ಹಾಗೆ, ಅಲ್ವಾ?

ಇಲಿಗಳ ಮೇಲಿನ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿವೆ. ಅಮೆರಿಕದಲ್ಲಿ ನರವಿಜ್ಞಾನಿ ಥಾಮಸ್ ಗೌಲ್ಡ್ ಅವರ ತಂಡ ಇಲಿಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಸಣ್ಣ ಶಾಕ್ ಕೊಟ್ಟಿತು. ಮರುದಿನ ಅದೇ ಪೆಟ್ಟಿಗೆಗೆ ಬಿಟ್ಟಾಗ ಇಲಿ ಹೆದರಿ ಅಲ್ಲಾಡದೆ ನಿಂತರೆ ಜಾಗ ನೆನಪಿದೆ ಎಂದರ್ಥ. ಮೊದಲ ಸಲ ನಿಕೋಟಿನ್ ಪಡೆದ ಇಲಿಗಳ ನೆನಪು ಉಳಿದವುಗಳಿಗಿಂತ ಗಟ್ಟಿಯಾಗಿತ್ತು. ಹಲವು ದಿನ ಸತತವಾಗಿ ಪಡೆದವುಗಳಲ್ಲಿ ಆ ಲಾಭ ಕಾಣಲಿಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ನೆನಪು ಮಾಮೂಲಿಗಿಂತಲೂ ಕೆಳಗಿಳಿಯಿತು. ಹಾಸ್ಟೆಲ್ ಹುಡುಗ ಇರುವುದು ಎರಡನೇ ಮತ್ತು ಮೂರನೇ ಗುಂಪಿನ ನಡುವೆ.

ನಿಕೋಟಿನ್‌ನಿಂದ ನಿಜವಾಗಿ ಗಟ್ಟಿಯಾಗುವ ಕಲಿಕೆಯೂ ಒಂದಿದೆ. ನಿಕೋಟಿನ್ ಮಿದುಳಿನಲ್ಲಿ ಡೋಪಮಿನ್ ಎಂಬ, 'ಇದು ಮತ್ತೆ ಬೇಕು' ಅನಿಸುವಂತೆ ಮಾಡುವ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಆಗ ಸುತ್ತ ಏನಿತ್ತೋ ಅದೆಲ್ಲ ನೆನಪಿನಲ್ಲಿ ಅಂಟಿಕೊಳ್ಳುತ್ತದೆ: ಊಟದ ನಂತರದ ಹೊತ್ತು, ಕಾಫಿ ವಾಸನೆ, ಜೊತೆಗಿದ್ದ ಗೆಳೆಯ. ಬಿಟ್ಟು ವರ್ಷಗಳಾದರೂ ಅವು ಎದುರಾದಾಗ ಚಪಲ ಹುಟ್ಟುವುದು ಇದರಿಂದ. ಹದಿಹರೆಯದಲ್ಲಿ ಶುರುಮಾಡಿದರೆ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಗಮನ ಮತ್ತು ಸಂಯಮ ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ.

ಹಾಗಾದರೆ ಮರೆವಿಗೆ ಇದನ್ನು ಔಷಧಿ ಮಾಡಬಹುದಾ? ಪ್ರಯತ್ನ ನಡೆದಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮರೆವು ಆಗಷ್ಟೇ ಶುರುವಾಗಿದ್ದ, ಸಿಗರೇಟು ಸೇದದ ಹಿರಿಯರಿಗೆ 6 ತಿಂಗಳು ಚರ್ಮಕ್ಕೆ ನಿಕೋಟಿನ್ ಪಟ್ಟಿ ಅಂಟಿಸಿ ನೋಡಿದರು. ಗಮನದ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಆದರೆ ರೋಗಿಗಳ ಒಟ್ಟಾರೆ ಸ್ಥಿತಿಯನ್ನು ವೈದ್ಯರು ಅಳೆದಾಗ, ಔಷಧಿಯಿಲ್ಲದ ಪಟ್ಟಿ ಹಾಕಿಕೊಂಡವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.