ಚುನಾವಣೆಗೆ ಮುನ್ನ ರಾಜತಾಂತ್ರಿಕ ಒತ್ತಡ ಎಲ್ಲಿ ನಾಟುತ್ತದೆ?

ಸಾಗರದ ಅಡಿಕೆ ಮಂಡಿಯಲ್ಲಿ ಮ್ಯಾನ್ಮಾರ್ ಹೆಸರು ಕೇಳಿಬರುವುದು ಹೆಚ್ಚಾಗಿ ಕಳ್ಳದಾರಿಯಲ್ಲಿ ಬರುವ ಅಡಿಕೆಯ ಕಾರಣಕ್ಕೆ. ಅಲ್ಲಿನ ಸೇನಾ ಆಡಳಿತ ಚುನಾವಣೆ ನಡೆಸಿದ ಮೇಲೆ ಬೆಳೆಗಾರರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ. ಅಷ್ಟೊಂದು ದೇಶಗಳು ಖಂಡಿಸಿದರೂ ಏನೂ ಆಗುವುದಿಲ್ಲವಲ್ಲ, ಏಕೆ? ರಾಯಭಾರ ಕಚೇರಿಗಳಲ್ಲಿ ದುಡಿದು ಊರಿಗೆ ಮರಳಿದವನಾದ ನನಗೆ ಇದು ಬಹಳ ಮುಖ್ಯವಾದ ಪ್ರಶ್ನೆ.

ಖಂಡನಾ ಹೇಳಿಕೆಯನ್ನು ಓದಿ ಯಾವ ಸರ್ವಾಧಿಕಾರಿಯೂ ನಿದ್ದೆಗೆಟ್ಟಿಲ್ಲ. ಸೇನಾಧಿಕಾರಿಗಳು, ನ್ಯಾಯಾಧೀಶರು, ಸಾಲ ತರುವ ಹಣಕಾಸು ಮಂತ್ರಿ ನಾಳೆಯೂ ತನ್ನ ಜೊತೆಗಿರುತ್ತಾರೆಯೇ ಎಂಬುದು ಅವನ ಚಿಂತೆ. ಆ ಸುತ್ತಿನ ಜನರ ಲೆಕ್ಕಾಚಾರವನ್ನು ಕದಲಿಸಬಲ್ಲ ಒತ್ತಡ ಮಾತ್ರ ಫಲ ಕೊಡುತ್ತದೆ. ಅದೂ ಮತದಾನಕ್ಕೆ ಬಹಳ ಮೊದಲೇ ಶುರುವಾಗಬೇಕು.

ನನಗೆ ಸದಾ ನೆನಪಾಗುವುದು ಚಿಲಿ. ಅಲ್ಲಿನ ಸೇನಾ ಸರ್ವಾಧಿಕಾರಿ ಜನರಲ್ ಪಿನೊಚೆ ತನ್ನದೇ 1980ರ ಸಂವಿಧಾನದ ಪ್ರಕಾರ 1988ರಲ್ಲಿ ಜನಮತಗಣನೆ ನಡೆಸಬೇಕಿತ್ತು. ಪಿನೊಚೆ ಮುಂದುವರಿಯಬೇಕೇ ಎಂಬುದು ಪ್ರಶ್ನೆ; ಇರುವವನು ಒಬ್ಬನೇ ಅಭ್ಯರ್ಥಿ, ಉತ್ತರ ಹೌದು ಅಥವಾ ಇಲ್ಲ. ಆಗ ಸ್ಯಾಂಟಿಯಾಗೊದಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಹ್ಯಾರಿ ಬಾರ್ನ್ಸ್. ಅದಕ್ಕೂ ಮುಂಚೆ ಅವರು ದೆಹಲಿಯಲ್ಲಿ ರಾಯಭಾರಿಯಾಗಿದ್ದರು. 1986ರಲ್ಲಿ ಸೈನಿಕರು ಬೆಂಕಿ ಹಚ್ಚಿ ಕೊಂದ 19 ವರ್ಷದ ಛಾಯಾಗ್ರಾಹಕ ರೊಡ್ರಿಗೊ ರೋಹಾಸ್‌ನ ಅಂತ್ಯಯಾತ್ರೆಗೆ ಬಾರ್ನ್ಸ್ ಹೆಂಡತಿಯೊಂದಿಗೆ ಹೋದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಭಯದಲ್ಲಿ ಬದುಕುತ್ತಿದ್ದ ಜನರಿಗೆ ಆ ಹಾಜರಿ ಹೇಳಿದ್ದನ್ನು ನೂರು ಪತ್ರಿಕಾ ಪ್ರಕಟಣೆಗಳೂ ಹೇಳಲಾರವು. ಅದೇ ವರ್ಷ ವಿಶ್ವಬ್ಯಾಂಕಿನಲ್ಲಿ ಚಿಲಿಯ ಸಾಲದ ಪ್ರಸ್ತಾವ ಬಂದಾಗ ಅಮೆರಿಕ ಮತ ಹಾಕದೆ ಉಳಿಯಿತು. ಸಾಲವೇನೋ ಸಿಕ್ಕಿತು. ಆದರೆ ಮುಂದಿನ ಸಲ ಸಿಗುವ ಭರವಸೆ ಉಳಿಯಲಿಲ್ಲ.

1987ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ತನ್ನ ನಿರೀಕ್ಷೆಗಳನ್ನು ಬಿಡಿಬಿಡಿಯಾಗಿ ಬರೆದು ಪ್ರಕಟಿಸಿತು. ತುರ್ತು ಪರಿಸ್ಥಿತಿಯನ್ನು ಮತದಾನಕ್ಕೆ ಸಾಕಷ್ಟು ಮೊದಲೇ ತೆಗೆಯಬೇಕು, ವಿರೋಧಿಗಳಿಗೆ ದೂರದರ್ಶನದಲ್ಲಿ ಅವಕಾಶ ಸಿಗಬೇಕು, ಸಭೆ ಸೇರಲು ಅಡ್ಡಿ ಇರಬಾರದು. ಹೀಗೆ ಬರೆದುಕೊಟ್ಟರೆ ಈಡೇರಿತೇ ಇಲ್ಲವೇ ಎಂದು ಯಾರಾದರೂ ನೋಡಬಹುದು. 'ಮುಕ್ತ ಹಾಗೂ ನ್ಯಾಯಸಮ್ಮತ' ಎಂಬ ಪೊಳ್ಳು ಮಾತಿಗೆ ಆ ಗುಣವಿಲ್ಲ. 1988ರ ಆಗಸ್ಟ್‌ನಲ್ಲಿ ತುರ್ತು ಪರಿಸ್ಥಿತಿ ಹೋಯಿತು. 'ಇಲ್ಲ' ಬಣಕ್ಕೆ ದಿನಕ್ಕೆ 15 ನಿಮಿಷ ದೂರದರ್ಶನ ಸಮಯ ಸಿಕ್ಕಿತು. ಮತದಾನವನ್ನು ಕೆಡಿಸುವ ಸಂಚಿನ ಸುಳಿವು ಸಿಕ್ಕಾಗ, ಕೆಲವೇ ದಿನ ಮೊದಲು, ವಾಷಿಂಗ್ಟನ್ ಚಿಲಿಯ ರಾಯಭಾರಿಯನ್ನು ಕರೆಸಿ ಎಚ್ಚರಿಸಿತು.

ಇಷ್ಟಾದರೂ ಗೆದ್ದವರು ಚಿಲಿಯ ಜನರೇ. ಅಕ್ಟೋಬರ್ 5ರ ರಾತ್ರಿ ಮತಗಟ್ಟೆಗಳಿಂದ ಅಂಕಿಗಳನ್ನು ತಂದು ತಾವೇ ಕೂಡಿಸಿದವರು ಅವರು. ನಮ್ಮ ಹೊಸನಗರ, ತೀರ್ಥಹಳ್ಳಿಯ ಶಾಲೆಗಳಲ್ಲಿ ಮತಗಟ್ಟೆ ಏಜೆಂಟರಾಗಿ ಕುಳಿತವರಿಗೆ ಇದು ಗೊತ್ತು: ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕವಿರುವ, ಸಂಜೆ ಕೈಗೆ ಬರುವ ನಮೂನೆ 17ಸಿ ಇಲ್ಲದಿದ್ದರೆ ಎಣಿಕೆಯ ದಿನ ತಾಳೆ ನೋಡಲು ಏನೂ ಇರುವುದಿಲ್ಲ. ಚಿಲಿಯಲ್ಲಿ ಆ ಸಮಾನಾಂತರ ಲೆಕ್ಕ ಸಿದ್ಧವಿತ್ತು. ಹಾಗಾಗಿ ವಾಯುಪಡೆ ಮುಖ್ಯಸ್ಥ ಮತ್ತೆಯಿ ಅಧ್ಯಕ್ಷರ ಅರಮನೆಯ ಬಾಗಿಲಲ್ಲೇ ಪತ್ರಕರ್ತರಿಗೆ 'ಇಲ್ಲ' ಗೆದ್ದಿದೆ ಎಂದುಬಿಟ್ಟರು. ಸುಮಾರು ಶೇ 56 ಮತ 'ಇಲ್ಲ'ಕ್ಕೆ ಬಿದ್ದಿತ್ತು. 1973ಕ್ಕೆ ಮುನ್ನ ಅಯೆಂದೆಯ ಚುನಾಯಿತ ಸರ್ಕಾರವನ್ನು ಕುಸಿಯುವಂತೆ ಮಾಡಲು ಹೆಣಗಿದ್ದೂ ಇದೇ ಅಮೆರಿಕ ಎಂಬುದನ್ನು ನಾನು ಮರೆಯಲಾರೆ. ಆ ಪಾಪ ಇದರಿಂದ ತೊಳೆದುಹೋಗುವುದಿಲ್ಲ.

ಮ್ಯಾನ್ಮಾರ್‌ನಲ್ಲಿ ಮತದಾನದ ಮೊದಲ ಹಂತ ನಡೆದದ್ದು 2025ರ ಡಿಸೆಂಬರ್ 28ರಂದು. ಆದರೆ 2020ರಲ್ಲಿ ಗೆದ್ದಿದ್ದ ಸೂ ಕಿ ಅವರ ಪಕ್ಷವನ್ನು ವಿಸರ್ಜಿಸಿದ್ದು 2023ರ ಮಾರ್ಚ್‌ನಲ್ಲೇ. ಒತ್ತಡ ಬೀಳಬೇಕಿದ್ದ ಗಳಿಗೆ ಅದು.

ಬಾಂಗ್ಲಾದೇಶದ ಕಥೆ ಇನ್ನೂ ನೋವಿನದು, ಏಕೆಂದರೆ ಅಲ್ಲಿ ಉಪಾಯ ಸರಿಯಾಗಿತ್ತು. ಚುನಾವಣೆ ಕೆಡಿಸುವ ಅಧಿಕಾರಿ, ನ್ಯಾಯಾಧೀಶ, ಪೊಲೀಸರಿಗೂ ಅವರ ಕುಟುಂಬಕ್ಕೂ ವೀಸಾ ಕೊಡುವುದಿಲ್ಲ ಎಂದು ಅಮೆರಿಕ 2023ರ ಮೇ ತಿಂಗಳಲ್ಲೇ ಸಾರಿತು. ಮಗ ನ್ಯೂಯಾರ್ಕ್‌ನಲ್ಲಿ ಓದುವ ಅಧಿಕಾರಿಗೆ ಇದು ನಾಟುವ ಮಾತು. ಆದರೆ ಚೀನಾ, ರಷ್ಯಾ ಪ್ರಧಾನಿ ಹಸೀನಾ ಪರ ನಿಂತವು. ಆ ನವೆಂಬರ್‌ನಲ್ಲಿ ದೆಹಲಿ, ಚುನಾವಣೆ ಬಾಂಗ್ಲಾದ ಆಂತರಿಕ ವಿಷಯ ಎಂದಿತು. ನೆರೆಯ ದೊಡ್ಡ ದೇಶ ಹೀಗೆಂದ ಮೇಲೆ ಢಾಕಾದ ಅಧಿಕಾರಿ ದೂರದ ವೀಸಾಕ್ಕೆ ಹೆದರಬೇಕೇಕೆ? 2024ರ ಜನವರಿ 7ರಂದು ಪ್ರಮುಖ ವಿರೋಧ ಪಕ್ಷ ಬಿಎನ್‌ಪಿ ಇಲ್ಲದೆಯೇ ಮತದಾನ ಮುಗಿಯಿತು.

ದೆಹಲಿಯ ಈ ನಿಲುವು ತಪ್ಪಾಗಿತ್ತು ಎಂದೇ ನನ್ನ ಅಭಿಪ್ರಾಯ. ನಮಗೆ ಗಡಿಯ, ಭದ್ರತೆಯ ಆತಂಕಗಳಿದ್ದವು, ನಿಜ. ಆದರೂ ಜೈಲಿನಲ್ಲಿದ್ದ ಬಿಎನ್‌ಪಿ ಪ್ರಧಾನ ಕಾರ್ಯದರ್ಶಿಯನ್ನು ನಾಮಪತ್ರದ ಗಡುವಿಗೆ ಮೊದಲು ಬಿಡಿ ಎಂದು ಹೇಳಬಲ್ಲ ಸಲುಗೆ ಭಾರತಕ್ಕಿತ್ತು. ಬಹಿರಂಗವಾಗಿ ನಾವು ಹಾಗೆ ಹೇಳಲಿಲ್ಲ. ಏಳು ತಿಂಗಳಲ್ಲಿ, ಆಗಸ್ಟ್ 5ರಂದು, ವಿದ್ಯಾರ್ಥಿಗಳ ದಂಗೆಗೆ ಹಸೀನಾ ದೇಶಬಿಟ್ಟು ಭಾರತಕ್ಕೆ ಬಂದರು. ಆ ದಂಗೆಯಲ್ಲಿ ಸತ್ತ ಹುಡುಗರ ತಾಯಂದಿರು ಇಂದು ಹಸೀನಾ ಜೊತೆಗೆ ನಮ್ಮನ್ನೂ ದೂರುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.