ಮತ ಬದಲಾದರೆ ಹೆಸರೂ ಬದಲಾಗಬೇಕೇ?

ಓದುಗರ ಪ್ರಶ್ನೆ: ಎ.ಆರ್. ರೆಹಮಾನ್ ಮತಾಂತರವಾದಾಗ ಹೆಸರು ಬದಲಿಸಿಕೊಂಡರು. ತಮಿಳು ಸಂಗೀತ ನಿರ್ದೇಶಕ ಯುವನ್ ಶಂಕರ್ ರಾಜಾ ಮುಸ್ಲಿಮರಾದ ಮೇಲೂ ಯುವನ್ ಆಗಿಯೇ ಇದ್ದಾರೆ. ಹೆಸರು ಬದಲಿಸುವುದು ಕಡ್ಡಾಯವೇ? ಬದಲಿಸದವರದು ಅರೆಮನಸ್ಸಿನ ಮತಾಂತರ ಎಂದುಕೊಳ್ಳಬೇಕೇ? (ಕಾಪುವಿನ ಓದುಗರೊಬ್ಬರು)

ಕಡ್ಡಾಯವಲ್ಲ. ಧರ್ಮಗಳೂ ಹಾಗೆ ಹೇಳುವುದಿಲ್ಲ, ಕಾನೂನೂ ಹೇಳುವುದಿಲ್ಲ. ಇಸ್ಲಾಮಿನಲ್ಲಿ ಕೆಟ್ಟ ಅರ್ಥದ ಅಥವಾ ಅನ್ಯ ದೈವದ ದಾಸ್ಯವನ್ನು ಸೂಚಿಸುವ ಹೆಸರಿದ್ದರೆ ಬದಲಿಸಬೇಕು ಎನ್ನುತ್ತಾರೆ, ಅಷ್ಟೇ. ಪ್ರವಾದಿ ಮುಹಮ್ಮದರ ಸಂಗಾತಿಗಳಾದ ಉಮರ್, ಖಾಲಿದ್ ಮೊದಲಾದವರು ದೊಡ್ಡವರಾದ ಮೇಲೆ ಇಸ್ಲಾಂ ಒಪ್ಪಿಕೊಂಡವರು, ಹುಟ್ಟುಹೆಸರನ್ನೇ ಉಳಿಸಿಕೊಂಡರು. ಕ್ಯಾಥೊಲಿಕ್ ಚರ್ಚಿನ 1983ರ ನಿಯಮಾವಳಿ ಕೇಳುವುದು ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ ಎಂದು ಮಾತ್ರ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದ ಮೇಲೂ ಅಂಬೇಡ್ಕರರ ಹೆಸರು ಭೀಮರಾವ್ ಎಂದೇ ಉಳಿಯಿತು. ಅವರದು ಅರೆಮನಸ್ಸು ಎನ್ನುವ ಧೈರ್ಯ ಯಾರಿಗಿದೆ?

ಹಾಗಾದರೆ ಕೆಲವರು ಬದಲಿಸುವುದೇಕೆ, ಕೆಲವರು ಬಿಡುವುದೇಕೆ? ಭಕ್ತಿಯ ಆಳ ಅಳೆಯಲು ಹೋಗುವ ಮೊದಲು ಖ್ಯಾತಿ ಯಾವಾಗ ಬಂತು ಎಂದು ನೋಡಿ. ಅರ್ಧಕ್ಕರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ರೆಹಮಾನರನ್ನೇ ತೆಗೆದುಕೊಳ್ಳಿ. 1980ರ ದಶಕದ ಕೊನೆಯಲ್ಲಿ ಎ.ಎಸ್. ದಿಲೀಪ್ ಕುಮಾರ್ ಎಂಬ ಯುವಕ ಚೆನ್ನೈನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ಕೀಬೋರ್ಡ್ ನುಡಿಸುತ್ತಿದ್ದರು. ದಿಲೀಪ್ ಎಂಬ ಹೆಸರು ಅವರಿಗೇ ಹಿಡಿಸುತ್ತಿರಲಿಲ್ಲ. ತಂಗಿಯ ಮದುವೆಗೆ ಜಾತಕ ತೋರಿಸಲು ಹೋದಾಗ ‘ಅಬ್ದುಲ್ ರೆಹಮಾನ್ ಅಥವಾ ಅಬ್ದುಲ್ ರಹೀಮ್ ಎಂದಿಟ್ಟುಕೋ’ ಎಂದು ಸೂಚಿಸಿದವರು ಒಬ್ಬ ಹಿಂದೂ ಜ್ಯೋತಿಷಿ. ಅಲ್ಲಾ ರಖಾ ಎಂಬುದನ್ನು ಸೇರಿಸಿದ್ದು ತಾಯಿ. 1992ರಲ್ಲಿ ‘ರೋಜಾ’ ಕ್ಯಾಸೆಟ್ ಬರುವ ಹೊತ್ತಿಗೆ ಹೊಸ ಹೆಸರು ಸಿದ್ಧವಾಗಿತ್ತು. ಜನರಿಗೆ ಪರಿಚಯವಾದದ್ದೇ ರೆಹಮಾನ್. ಕಳೆದುಕೊಳ್ಳಲು ಯಾರ ಬಳಿಯೂ ‘ನಮ್ಮ ದಿಲೀಪ್’ ಇರಲಿಲ್ಲ.

ಯುವನ್ 2014ರಲ್ಲಿ ತಮ್ಮ ಮತಾಂತರವನ್ನು ಬಹಿರಂಗಪಡಿಸಿದಾಗ ಹತ್ತಾರು ಸಿನಿಮಾಗಳ ಹಾಡುಗಳು ಆ ಹೆಸರಿನಲ್ಲಿದ್ದವು, ಜೊತೆಗೆ ಇಳಯರಾಜ ಅವರ ಮಗ ಎಂಬ ಗುರುತೂ ಇತ್ತು. ಅಬ್ದುಲ್ ಹಾಲಿಕ್ ಎಂಬ ಹೆಸರಿದ್ದರೂ ಪೋಸ್ಟರಿನಲ್ಲಿ ಯುವನ್ ಎಂದೇ ಅಚ್ಚಾಗುತ್ತದೆ. ಇದರಲ್ಲಿ ನನಗಂತೂ ಅರೆಮನಸ್ಸು ಕಾಣುವುದಿಲ್ಲ. ವೃತ್ತಿಯ ಲೆಕ್ಕಾಚಾರ ಕಾಣುತ್ತದೆ, ಅದು ತಪ್ಪೂ ಅಲ್ಲ.

ಖ್ಯಾತಿ ಬಂದ ಮೇಲೆ ಹೆಸರು ಬದಲಿಸಲು ಹೊರಟವರ ಪಾಡು ಬೇರೆ. 1964ರಲ್ಲಿ ಬಾಕ್ಸರ್ ಕ್ಯಾಸಿಯಸ್ ಕ್ಲೇ ತಾನಿನ್ನು ಮುಹಮ್ಮದ್ ಅಲಿ ಎಂದಾಗ ಅಮೆರಿಕದ ದೊಡ್ಡ ಪತ್ರಿಕೆಗಳು ವರ್ಷಗಟ್ಟಲೆ ಕ್ಲೇ ಎಂದೇ ಬರೆದವು. 1967ರಲ್ಲಿ ಎರ್ನಿ ಟೆರೆಲ್ ಎಂಬ ಎದುರಾಳಿಯೂ ಹಾಗೆಯೇ ಕರೆದ. ಅಲಿ ಹದಿನೈದು ಸುತ್ತು ಅವನನ್ನು ಗುದ್ದುತ್ತಾ, ನಡುನಡುವೆ ‘ನನ್ನ ಹೆಸರೇನು?’ ಎಂದು ಕೇಳುತ್ತಲೇ ಇದ್ದರು. ತಮಾಷೆ ಏನೆಂದರೆ, ಸೇನೆಗೆ ಸೇರಲು ನಿರಾಕರಿಸಿದ ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು, ಆದರೆ ಆ ತೀರ್ಪು ಕಡತದಲ್ಲಿ ‘ಕ್ಲೇ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ’ ಎಂದೇ ಕುಳಿತಿದೆ. ಪಾಕಿಸ್ತಾನದ ಯೂಸುಫ್ ಯೋಹಾನಾಗೆ ಇಷ್ಟು ಕಷ್ಟವಾಗಲಿಲ್ಲ. 2005ರಲ್ಲಿ ಮೊಹಮ್ಮದ್ ಯೂಸುಫ್ ಆದರು, ಮರುವರ್ಷ ಟೆಸ್ಟ್‌ನಲ್ಲಿ 1788 ರನ್ ಹೊಡೆದು ಒಂದೇ ವರ್ಷದ ವಿಶ್ವದಾಖಲೆ ಬರೆದರು. ಪ್ರೇಕ್ಷಕರ ಬಾಯಲ್ಲಿ ಮೊದಲೂ ಯೂಸುಫ್, ಆಮೇಲೂ ಯೂಸುಫ್.

ಪಕ್ಕದ ಕೇರಳದ ಕಮಲಾ ದಾಸ್ ಅವರದು ಎಲ್ಲಕ್ಕಿಂತ ಜಟಿಲ. ಇಂಗ್ಲಿಷ್ ಓದುಗರಿಗೆ ಕಮಲಾ ದಾಸ್, ಮಲಯಾಳಿಗಳಿಗೆ ಮಾಧವಿಕುಟ್ಟಿ, 1999ರ ಡಿಸೆಂಬರಿನ ನಂತರ ಕಮಲಾ ಸುರಯ್ಯ. 2009ರಲ್ಲಿ ತೀರಿಕೊಂಡಾಗ ತಿರುವನಂತಪುರದ ಪಾಳಯಂ ಜುಮಾ ಮಸೀದಿಯಲ್ಲಿ ದಫನ್ ಮಾಡಿದರು. ಪುಸ್ತಕದಂಗಡಿಯಲ್ಲಿ ಅವರ ಮಲಯಾಳಂ ಕಥೆಗಳು ಇಂದಿಗೂ ಮಾಧವಿಕುಟ್ಟಿಯವೇ. ಒಬ್ಬರ ನಂಬಿಕೆ ಬದಲಾದ ಮಾತ್ರಕ್ಕೆ ಓದುಗರು ತಮ್ಮ ಕಪಾಟಿನ ಪುಸ್ತಕದ ಬೆನ್ನನ್ನು ತಿದ್ದುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದೆಲ್ಲ ಹೊಸ ಸಂಗತಿಯೆಂದು ತೋರಬಾರದು. 1844ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯ, ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ ಮರುವರ್ಷ ಅದು. ಕೌಂಡಿನ್ಯರು ಗುರುವಿನ ಹೆಸರನ್ನು ಮುಂದೆ ಸೇರಿಸಿಕೊಂಡರು, ಹಿಂದಿನದನ್ನು ಬಿಡಲಿಲ್ಲ: ಹರ್ಮನ್ ಆನಂದರಾವ್ ಕೌಂಡಿನ್ಯ. ಗೋತ್ರದ ಹೆಸರು ಹೊತ್ತ ಪಾದ್ರಿ! ಕ್ಯಾಥೊಲಿಕ್ ಮನೆಗಳಲ್ಲಂತೂ ಡಿಸೋಜ, ಪಿಂಟೋಗಳ ಹಿಂದೆ ಪ್ರಭು, ಕಾಮತ್, ಶೆಣೈ ಎಂಬ ಮೂಲ ಮನೆತನದ ನೆನಪು ಹಲವು ತಲೆಮಾರು ದಾಟಿ ಬಂದಿದೆ. ಉಡುಪಿ ಕ್ಷೇತ್ರ 1967ರಲ್ಲಿ ಲೋಕಸಭೆಗೆ ಕಳಿಸಿದ್ದು ಜೆ.ಎಂ. ಲೋಬೊ ಪ್ರಭು ಅವರನ್ನು. ಮತಪತ್ರದಲ್ಲಿ ಎರಡೂ ಹೆಸರು ಅಕ್ಕಪಕ್ಕ ಇದ್ದದ್ದಕ್ಕೆ ಯಾರ ತಕರಾರೂ ಇರಲಿಲ್ಲ. ಇನ್ನು ಮತವನ್ನೇ ಬದಲಿಸದೆ, ಪ್ರತಿ ಜನವರಿ 10ರ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹಾಡುವುದನ್ನು ವ್ರತದಂತೆ ನಡೆಸಿದ ಯೇಸುದಾಸ್ ಅವರನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ಹೆಸರಿನಲ್ಲಿ ಯೇಸುವೇ ಇದ್ದಾನೆ.

ಕಾನೂನಿನ ಮಾತು. ಹೆಸರು ಬದಲಿಸಲು ಪ್ರಮಾಣಪತ್ರ, ಪತ್ರಿಕಾ ಜಾಹೀರಾತು, ರಾಜ್ಯಪತ್ರದ ಪ್ರಕಟಣೆ ಸಾಕು. ಕಾರಣ ಮತಾಂತರವೇ ಆಗಬೇಕೆಂದಿಲ್ಲ, ಸಂಖ್ಯಾಶಾಸ್ತ್ರ ನಂಬಿ ಒಂದು ಅಕ್ಷರ ಹೆಚ್ಚಿಸಿಕೊಂಡವರೂ ಇದೇ ದಾರಿ ಹಿಡಿಯುತ್ತಾರೆ. ಮತಾಂತರದ್ದು ಬೇರೆ ಕಡತ. ರಾಜ್ಯದ 2022ರ ಕಾಯ್ದೆ ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಹೆಸರು ಉಳಿಸಿಕೊಂಡರೆ ಹಳೆಯ ಸವಲತ್ತೂ ಉಳಿಯುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಹಾಗಿಲ್ಲ. ಪರಿಶಿಷ್ಟ ಜಾತಿಯ ಸ್ಥಾನ 1950ರ ಆದೇಶದ ಪ್ರಕಾರ ಹಿಂದೂಗಳಿಗೆ, ಆಮೇಲಿನ ತಿದ್ದುಪಡಿಗಳಿಂದ ಸಿಖ್ಖರಿಗೆ ಮತ್ತು ಬೌದ್ಧರಿಗೆ ಮಾತ್ರ. ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಪುದುಚೇರಿಯ ಮಹಿಳೆಯೊಬ್ಬರು ಉದ್ಯೋಗಕ್ಕಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದಾಗ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಡಲಾಗದು ಎಂದಿತು. ನ್ಯಾಯಾಲಯ ತೂಗಿ ನೋಡಿದ್ದು ಅವರು ಯಾವ ನಂಬಿಕೆಯಂತೆ ಬದುಕುತ್ತಿದ್ದರು ಎಂಬುದನ್ನು.